ಎಡಪುಟ ಕನ್ನಡ, ಬಲಪುಟ ಇಂಗ್ಲಿಷ್: ಬಾಸ್ಕರ್‌ವಿಲ್ ಹಾಕಬಹುದಾ?

ಕೇಳಿದ್ದು: ಅಜ್ಜಿಯ ಪತ್ರಗಳನ್ನು ಪುಸ್ತಕ ಮಾಡುತ್ತಿದ್ದೇವೆ. ಹೊರದೇಶದ ಮೊಮ್ಮಕ್ಕಳಿಗಾಗಿ ಪಕ್ಕದ ಪುಟದಲ್ಲಿ ಇಂಗ್ಲಿಷ್ ಅನುವಾದ ಇದೆ. ಅದಕ್ಕೆ ಬಾಸ್ಕರ್‌ವಿಲ್ ಫಾಂಟ್ ಹಾಕಿ ಅಂತ ಒಬ್ಬರು ಹೇಳಿದರು. ಬಳಸಿದವರು ಇದ್ದೀರಾ? 100 ಪ್ರತಿ ಅಷ್ಟೇ.

ಉತ್ತರ 1: ಧಾರಾಳವಾಗಿ ಹಾಕಿ. ಡಿಟಿಪಿ ನನ್ನ ಕೆಲಸ, ಇದು ನನಗೆ ಬಹಳ ಇಷ್ಟದ ಅಕ್ಷರ. ಆದರೆ ಯಾವ ಬಾಸ್ಕರ್‌ವಿಲ್, ಯಾವ ಕಾಗದ ಅನ್ನುವುದು ಮುಖ್ಯ. ಒಮ್ಮೆ ಕಂಪ್ಯೂಟರಿನಲ್ಲಿ ಇತ್ತು ಅಂತ ಸುಮ್ನೆ ಬಾಸ್ಕರ್‌ವಿಲ್ ಓಲ್ಡ್ ಫೇಸ್ ತೆಗೆದುಕೊಂಡು ಇಡೀ ಪುಸ್ತಕವನ್ನು 10 ಪಾಯಿಂಟಿನಲ್ಲಿ ಮಾಡಿಬಿಟ್ಟೆ. ಪರದೆಯಲ್ಲಿ ಮುದ್ದಾಗಿ ಕಾಣುತ್ತಿತ್ತು. ಅಚ್ಚಾಗಿ ಬಂದಾಗ ಇಂಗ್ಲಿಷಿನ ಸಣ್ಣ 'ಇ' (e) ಅಕ್ಷರದ ಅಡ್ಡಗೆರೆ ಎಷ್ಟೋ ಕಡೆ ಮಾಯ. ಓದಿದರೆ 'ಸಿ' (c) ಥರ ಕಾಣುತ್ತಿತ್ತು. ಆ ಫಾಂಟ್ ಇರುವುದು ತಲೆಬರಹಕ್ಕೆ, ಅದರ ಗೆರೆಗಳು ಕೂದಲೆಳೆಯಷ್ಟು ತೆಳ್ಳಗೆ.

ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಆ ವ್ಯತ್ಯಾಸವೇ ಈ ಅಕ್ಷರದ ಚೆಲುವು. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಮೊದಲು ಕೈಬರಹ ಕಲಿಸುತ್ತಿದ್ದರು, ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದರು. 1757ರಲ್ಲಿ ಪ್ರಾಚೀನ ರೋಮಿನ ವರ್ಜಿಲ್ ಕವಿಯ ಕಾವ್ಯ ಅಚ್ಚು ಹಾಕಿದಾಗ ಅಚ್ಚಿನ ಮೊಳೆ ಒಂದನ್ನೇ ಮಾಡಿಸಿ ಸುಮ್ಮನಾಗಲಿಲ್ಲ. ಕಡುಕಪ್ಪು ಮಸಿ ತಯಾರಿಸಿದರು, ನುಣುಪು ಕಾಗದ ಬಳಸಿದರು, ಅಚ್ಚಾದ ಹಾಳೆಗಳನ್ನು ಬಿಸಿ ತಗಡುಗಳ ನಡುವೆ ಒತ್ತಿಸಿದರು. ಅಷ್ಟು ಆರೈಕೆಯಲ್ಲಿ ಹುಟ್ಟಿದ ಅಕ್ಷರ ಒರಟು ಕಾಗದದ ಮೇಲೆ ಸೊರಗುತ್ತದೆ. ನುಣುಪಾದ ಮ್ಯಾಪ್ಲಿಥೋ (ಹೊಳಪಿಲ್ಲದ ಅಚ್ಚಿನ ಕಾಗದ) ಸಾಕು, ಆರ್ಟ್ ಪೇಪರ್ ಬೇಡ, ಹೊಳಪು ಕಣ್ಣಿಗೆ ಹೊಡೆಯುತ್ತದೆ.

ಉತ್ತರ 2: ಲಿಬ್ರೆ ಬಾಸ್ಕರ್‌ವಿಲ್ ನೋಡಿ, ಅದೇ ಅಕ್ಷರದ ಇನ್ನೊಂದು ರೂಪ, ಉಚಿತ. ಪರದೆಯ ಓದಿಗೆಂದು ಮಾಡಿದ್ದಾದ್ದರಿಂದ ಅಕ್ಷರ ಅಗಲ, ಗೆರೆಯೂ ಗಟ್ಟಿ. ನಾನು 9 ಪಾಯಿಂಟಿಗೆ ಇಳಿಸಿ ಹಾಕಿದ್ದೆ, ಚೆನ್ನಾಗಿ ಬಂತು. ಕನ್ನಡಕ್ಕೆ ತಿರೋ ಕನ್ನಡ ಹಾಕಿ. ಅದರಲ್ಲೂ ದಪ್ಪ-ತೆಳು ಗೆರೆಗಳಿವೆ, ಎರಡೂ ಹೊಂದಿಕೊಳ್ಳುತ್ತವೆ. ಸಾಲಿನ ಅಂತರವನ್ನು ಮಾತ್ರ ಕನ್ನಡ ನೋಡಿ ಇಡಿ. 'ಸ್ತ್ರೀ', 'ರಾಷ್ಟ್ರ' ಬಂದಾಗ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು ಅಲ್ವಾ? ಅದೇ ಅಂತರ ಇಂಗ್ಲಿಷಿಗೂ ಇರಲಿ. ಬಾಸ್ಕರ್‌ವಿಲ್ ದುಂಡು ಅಕ್ಷರ, ಬಿಡುವು ಕೊಟ್ಟಷ್ಟೂ ಚೆನ್ನಾಗಿ ಕಾಣುತ್ತದೆ.

ಉತ್ತರ 3: ಕಣ್ಣಿಗೆ ಆಯಾಸ ಅಂತ ಯಾರಾದರೂ ಹೆದರಿಸಿದರೆ ತಕ್ಷಣ ಬಿಡಬೇಡಿ. ಬಾಸ್ಕರ್‌ವಿಲ್ ಕಾಲದಲ್ಲೂ ಹೀಗೇ ಹೇಳುತ್ತಿದ್ದರು. ಅಮೆರಿಕದ ಮುದ್ರಕ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಅಂಥ ಒಬ್ಬರಿಗೆ ಕ್ಯಾಸ್ಲನ್ ಅನ್ನುವ ಬೇರೆ ಅಕ್ಷರದ ಮಾದರಿ ಹಾಳೆಯ ಹೆಸರು ಹರಿದು, ಇದು ಬಾಸ್ಕರ್‌ವಿಲ್ ಅಂತ ತೋರಿಸಿದರಂತೆ. ಆತ ಅದರಲ್ಲೇ ತಪ್ಪುಗಳನ್ನು ಎತ್ತಿ ತೋರಿಸಿದ! 1760ರಲ್ಲಿ ಫ್ರಾಂಕ್ಲಿನ್ ಅವರೇ ಇದನ್ನು ಬಾಸ್ಕರ್‌ವಿಲ್‌ಗೆ ಪತ್ರದಲ್ಲಿ ಬರೆದರು. ವಯಸ್ಸಾದವರ ಕೈಗೆ ಒಂದು ಪುಟ ಕೊಟ್ಟು ಓದಿಸಿ ನೋಡಿ.

ಕೇಳಿದವರು: ಎಲ್ಲರಿಗೂ ವಂದನೆ. ಪ್ರೆಸ್ಸಿನಲ್ಲಿ ಮ್ಯಾಪ್ಲಿಥೋ ಮೇಲೆ ಲಿಬ್ರೆಯಲ್ಲಿ ಒಂದು ಹಾಳೆ ತೆಗೆಸಿದೆ. ಅಪ್ಪ ಕನ್ನಡಕ ಇಲ್ಲದೆ ಓದಿದರು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದ 'ಗಂಗಮ್ಮ' ಅನ್ನುವ ಹೆಸರಿನ ನಡುವಿನ ಸಣ್ಣ 'ಜಿ' (g) ನೋಡಿದೆ. ಕೆಳಗಿನ ಕುಣಿಕೆ ಪೂರ್ತಿ ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಅಜ್ಜಿಯೂ 'ಗ' ಬರೆಯುವಾಗ ಕೊನೆಗೆ ಹೀಗೇ ಕೈ ಎತ್ತುತ್ತಿದ್ದರು. ಇದನ್ನೇ ಹಾಕುತ್ತಿದ್ದೇವೆ.