ಅಪ್‌ಡೇಟ್: ಕಾಫಿ ತೂಕದ ಪ್ರೋಗ್ರಾಮಿನಿಂದ ‘ರಿಕ್ವೆಸ್ಟ್’ ಪ್ಯಾಕೇಜ್ ತೆಗೆದದ್ದು

ಮೂಡಿಗೆರೆ ಕಡೆಯ ತೋಟದಲ್ಲಿ ಹಣ್ಣಿನ ತೂಕವನ್ನು ಸರ್ವರ್‌ಗೆ ಕಳಿಸುವ ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಪ್ರೋಗ್ರಾಮ್ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಎಂಬ ಎಚ್ಚರಿಕೆ ಕೊಡುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ, ಕೆಲಸ ಮುಗಿದಿದೆ.

ಎಚ್ಚರಿಕೆ ಬರುತ್ತಿದ್ದದ್ದು 2020ರಲ್ಲೇ ನಿರ್ವಹಣೆ ನಿಂತ ‘ರಿಕ್ವೆಸ್ಟ್’ ಪ್ಯಾಕೇಜಿನಿಂದ, ಅಂದರೆ ಸರ್ವರ್‌ಗೆ ಕೋರಿಕೆ ಕಳಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಿಂದ. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಎನ್‌ಪಿಎಂಗೆ ‘ಎನ್‌ಪಿಎಂ ಎಲ್‌ಎಸ್ ರಿಕ್ವೆಸ್ಟ್’ ಆದೇಶ ಕೊಟ್ಟರೆ ಅದನ್ನು ಯಾವ ಪ್ಯಾಕೇಜ್ ಎಳೆದು ತರುತ್ತಿದೆ ಎಂದು ಕಾಣುತ್ತದೆ. ಭದ್ರತಾ ದೋಷವಿರುವ ಪ್ಯಾಕೇಜುಗಳನ್ನು ಸರಿಪಡಿಸುವ ‘ಆಡಿಟ್ ಫಿಕ್ಸ್’ ಆದೇಶದ ಜೊತೆ ‘ಫೋರ್ಸ್’ ಮಾತ್ರ ಹಾಕಬೇಡಿ: ಅದು ಮೇಜರ್ ಆವೃತ್ತಿಗಳನ್ನೇ ಬದಲಿಸಿ, ಸರಿಯಿದ್ದ ಕೋಡನ್ನೂ ಕೆಡಿಸಬಹುದು.

ನೋಡ್ 18ರಿಂದ ಸರ್ವರ್ ಜೊತೆ ಮಾತಾಡುವ ‘ಫೆಚ್’ ಒಳಗೇ ಇದೆ, ಹೊಸ ಪ್ಯಾಕೇಜ್ ಬೇಕಿಲ್ಲ. ಆದರೆ ಸರ್ವರ್ 500 (ನನ್ನಲ್ಲೇ ದೋಷ) ಎಂದರೂ ಫೆಚ್ ಅದನ್ನು ಎರರ್ ಎನ್ನುವುದಿಲ್ಲ. ‘ರೆಸ್ಪಾನ್ಸ್.ಓಕೆ’ (ಕೋರಿಕೆ ಯಶಸ್ವಿಯೇ ಎಂಬ ಗುರುತು) ನೋಡದಿದ್ದರೆ ತೂಕ ಸದ್ದಿಲ್ಲದೆ ಕಳೆದುಹೋಗುತ್ತದೆ. ಕಾಯುವ ಮಿತಿಯನ್ನೂ ನಾವೇ ಹಾಕಬೇಕು: ‘ಅಬಾರ್ಟ್‌ಸಿಗ್ನಲ್.ಟೈಮ್‌ಔಟ್’ಗೆ 10000 ಮಿಲಿಸೆಕೆಂಡ್, ಅಂದರೆ 10 ಸೆಕೆಂಡ್. ನೆಟ್‌ವರ್ಕ್ ಕುಂಟುವ ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಸರ್ವರ್ ಬರೆದುಕೊಂಡಿರುತ್ತದೆ, ಉತ್ತರ ಮಾತ್ರ ತಲುಪಿರುವುದಿಲ್ಲ. ಮತ್ತೆ ಕಳಿಸಿದರೆ ಒಂದೇ ಮೂಟೆ ಎರಡು ಸಲ ದಾಖಲಾಗಿ ಕೂಲಿ ಲೆಕ್ಕ ತಪ್ಪುತ್ತದೆ. ಅದಕ್ಕೆ ಪ್ರತಿ ತೂಕಕ್ಕೂ ಒಂದು ಐಡಿ ಕೊಟ್ಟು, ಡೇಟಾಬೇಸಿನಲ್ಲಿ ಆ ಕಾಲಂ ‘ಯುನೀಕ್’ ಮಾಡಿದ್ದೇನೆ, ಅದೇ ಐಡಿ ಎರಡನೇ ಸಲ ಸೇರದು.

ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲ್ ಈಗ ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿದೆ. ತೋಟದ ಕಂಪ್ಯೂಟರಿನಲ್ಲಿ ‘ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡಿಸಿದರೆ ಪರೀಕ್ಷಿಸಿದ ಆವೃತ್ತಿಗಳೇ ಬರುತ್ತವೆ.

ದಿನಾಂಕ ನೋಡಿಕೊಳ್ಳುವ ‘ಮೊಮೆಂಟ್’ ಪ್ಯಾಕೇಜ್ ತೆಗೆದಿಲ್ಲ. ಅದಕ್ಕೆ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಅದರ ತಂಡವೇ 2020ರಲ್ಲಿ ಹೇಳಿದೆ, ಆದರೆ ಬರೀ ದಿನಾಂಕ ತೋರಿಸುವ ಕೆಲಸಕ್ಕೆ ಸಾಕು.