ನುಚ್ಚಕ್ಕಿಯಷ್ಟು ಚಿಪ್: ಇಂಥದ್ದನ್ನು ಮಾಡುವ ಸಂಸ್ಥೆಯಲ್ಲಿ ದಿನಾ ಏನು ನಡೆಯುತ್ತದೆ?

ಮಿಲ್ ಎಲೆಕ್ಟ್ರಿಷಿಯನ್, ಸಿಂಧನೂರು

ನಾನು ಇಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ 19 ವರ್ಷದಿಂದ ಎಲೆಕ್ಟ್ರಿಷಿಯನ್. ಹೋದ ವಾರ ಬಾಯ್ಲರಿನ ಹಬೆಯ ಒತ್ತಡ ಅಳೆದು ಪ್ಯಾನೆಲ್ಲಿಗೆ ತಿಳಿಸುವ ಪ್ರೆಷರ್ ಟ್ರಾನ್ಸ್‌ಮಿಟರ್ ಕೈಕೊಟ್ಟಿತು. ಪಕ್ಕದ ಡಯಲ್ ಗೇಜಿನಲ್ಲಿ ಒತ್ತಡ 10 ಕೆಜಿ (ಚದರ ಸೆಂ.ಮೀ.ಗೆ), ಇದು ಮಾತ್ರ 6ಕ್ಕೇ ಕೂತುಬಿಟ್ಟಿದೆ. ಹೊಸದು ಹಾಕಿ ಹಳೆಯದನ್ನು ಮನೆಗೆ ತಂದೆ. ಸುಮ್ನೆ ಇರಲಾಗಲಿಲ್ಲ, ಹ್ಯಾಕ್ಸಾ ಹಾಕಿ ಕೊಯ್ದೆ. ಮುಂದೆ ತೆಳು ಸ್ಟೀಲ್ ತಗಡು. ಅದರ ಹಿಂದೆ ಒಂದು ಹನಿ ಎಣ್ಣೆ. ಎಣ್ಣೆಯಲ್ಲಿ ನುಚ್ಚಕ್ಕಿಯಷ್ಟು ಕನ್ನಡಿ ಚೂರು, ಅದಕ್ಕೆ ಕೂದಲಿಗಿಂತ ತೆಳು ತಂತಿಗಳು!

ಮಗಳು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಆರನೇ ಸೆಮಿಸ್ಟರ್. "ಅಪ್ಪಾ, ಇದು ಮೆಮ್ಸ್" ಎಂದಳು. ಅಂದರೆ ಚಿಪ್ಪಿನ ಮೇಲೆ ಮಾಡಿದ ಅತಿ ಸಣ್ಣ ಯಂತ್ರವಂತೆ. ಇಂಥದ್ದರ ಮೇಲೆ ಕೆಲಸ ಮಾಡುವ ಸಂಶೋಧನಾ ಸಂಸ್ಥೆಗಳಿವೆಯಂತೆ, ಅವಳು ಅಲ್ಲಿಗೇ ಹೋಗಬೇಕಂತೆ. ನನಗೆ ಕಾಲೇಜು ಗೊತ್ತು, ಕಾರ್ಖಾನೆ ಗೊತ್ತು. ನಡುವಿನ ಇದೇನು? ದಿನಾ ಏನು ಮಾಡುತ್ತಾರೆ? ಸಂಬಳ ಕೊಡೋರು ಯಾರು? ನಮ್ಮ ಕಡೆಯಿಂದ ಅಲ್ಲಿಗೆ ದಾರಿ ಇದೆಯಾ?

ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ತೋರಣಗಲ್ಲು

ಅಣ್ಣಾ, ಮೊದಲು ಇದನ್ನು ಹೇಳಿ. ಆ ಟ್ರಾನ್ಸ್‌ಮಿಟರ್ ಕೆಳಗೆ ಸೈಫನ್ ಇತ್ತಾ? ಹಂದಿ ಬಾಲದ ಹಾಗೆ ಸುತ್ತಿರುತ್ತಲ್ಲ, ಆ ಪೈಪು. 10 ಕೆಜಿ ಹಬೆ ಅಂದರೆ 184 ಡಿಗ್ರಿ ಹತ್ತಿರ. ಸೈಫನ್ನಿನಲ್ಲಿ ಹಬೆ ತಣಿದು ನೀರಾಗಿ ನಿಲ್ಲುತ್ತದೆ. ಒತ್ತಡ ಮುಟ್ಟಿಸುವುದು ಆ ನೀರು. ಅದು ಇಲ್ಲದಿದ್ದರೆ ಬಿಸಿ ನೇರವಾಗಿ ಒಳಗೆ ಹೋಗಿ ಚಿಪ್ಪನ್ನು ಕೆಡಿಸುತ್ತದೆ.

ಕೊಪ್ಪಳದ ಮೇಷ್ಟ್ರು

ಎಂ.ಟೆಕ್ ಮಾಡುವಾಗ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದೆ. ಆ ಕೇಂದ್ರವನ್ನು ಎಲ್ಲರೂ 'ಸೆನ್ಸ್' ಅನ್ನುತ್ತಾರೆ. ಹಾಗಾಗಿ ದಿನಾ ಏನು ಮಾಡುತ್ತಾರೆ ಅನ್ನೋದಕ್ಕೆ ನಾನು ಹೇಳಬಲ್ಲೆ.

ನಿಮ್ಮ ಕನ್ನಡಿ ಚೂರು ಸಿಲಿಕಾನ್. ಹಿಂದಿನಿಂದ ಕೊರೆದು ನಡುವೆ ತೆಳು ಪೊರೆ ಉಳಿಸಿರುತ್ತಾರೆ. ಪೊರೆಯ ಅಂಚಿಗೆ ನಾಲ್ಕು ರೆಸಿಸ್ಟರ್. ರೆಸಿಸ್ಟೆನ್ಸಿನ ಸಣ್ಣ ಬದಲಾವಣೆಯನ್ನೂ ಹಿಡಿಯುವ, ನಿಮಗೆ ಗೊತ್ತಿರುವ ಅದೇ ವೀಟ್‌ಸ್ಟೋನ್ ಬ್ರಿಡ್ಜ್. ಒತ್ತಡಕ್ಕೆ ಪೊರೆ ಬಾಗುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ಪ್ಯಾನೆಲ್ಲಿಗೆ ಬರುವ 4–20 ಮಿಲಿ ಆಂಪ್ ಸಿಗ್ನಲ್ ಹುಟ್ಟುವುದು ಅಲ್ಲಿಂದ.

ಕೊರೆಯುವುದಕ್ಕೆ ಡ್ರಿಲ್ ಇಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು 80 ಡಿಗ್ರಿಗೆ ಕಾಯಿಸಿ ವೇಫರ್, ಅಂದರೆ ಸಿಲಿಕಾನಿನ ತೆಳು ಬಿಲ್ಲೆ, ಮುಳುಗಿಸುತ್ತೇವೆ. ನಿಮಿಷಕ್ಕೆ ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತಿನ್ನುತ್ತದೆ. 350 ಮೈಕ್ರಾನ್ ಇಳಿಯಲು ಆರು ತಾಸು ಬೇಕು. ಕುಣಿಯ ಗೋಡೆ ತಾನಾಗೇ 54.7 ಡಿಗ್ರಿ ಓರೆಯಾಗಿ ಬರುತ್ತದೆ. ಹರಳಿನೊಳಗೆ ಪರಮಾಣುಗಳು ಕೂತಿರುವ ರೀತಿಯೇ ಹಾಗೆ. ನಾನು ಒಂದು ಸಲ ಊಟಕ್ಕೆ ಹೋಗಿ ತಡವಾಗಿ ಬಂದೆ. ಪೊರೆ ಇರಬೇಕಾದ ಕಡೆ ಬರೀ ತೂತು. ಇಡೀ ವೇಫರ್ ಹಾಳು. ಗೈಡ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಇದೆಲ್ಲ ಧೂಳು ಬಾರದ ಹಾಗೆ ಇಟ್ಟ ಕೋಣೆಯ, ಅಂದರೆ ಕ್ಲೀನ್‌ರೂಮಿನ ಕೆಲಸ. ಕ್ಲಾಸ್ 100 ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣ 100ಕ್ಕಿಂತ ಜಾಸ್ತಿ ಇರಬಾರದು. ಮುಖಕ್ಕೆ ಪೌಡರ್ ಹಚ್ಚುವಂತಿಲ್ಲ, ಪೆನ್ಸಿಲ್ ಒಯ್ಯುವಂತಿಲ್ಲ. ನಿಮ್ಮ ಮಿಲ್ಲಿನ ಹೊಟ್ಟಿನ ಧೂಳು ನೆನೆಸಿಕೊಂಡರೆ ನಗು ಬರುತ್ತದೆ, ಅಲ್ವಾ?

ದಾರಿ ಇದೆ. ಐಎನ್‌ಯುಪಿ ಅಂತ ಕೇಂದ್ರ ಸರ್ಕಾರದ ಯೋಜನೆ. 2008ರಲ್ಲಿ ಐಐಎಸ್‌ಸಿ ಮತ್ತು ಐಐಟಿ ಬಾಂಬೆಯಲ್ಲಿ ಶುರುವಾಯಿತು. ಬೇರೆ ಕಾಲೇಜಿನವರೂ ಅಲ್ಲಿನ ಯಂತ್ರಗಳಲ್ಲಿ ಕೆಲಸ ಕಲಿಯಲಿ ಅನ್ನೋದೇ ಅದರ ಉದ್ದೇಶ. ಮಗಳಿಗೆ ತನ್ನ ವಿಭಾಗದ ಮೇಡಂ ಅಥವಾ ಸರ್ ಹತ್ತಿರ ಈ ಹೆಸರು ಹೇಳಲು ಹೇಳಿ. ಜೊತೆಗೆ ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಈಗಲೇ ಕೂರಲಿ.

ಬಳ್ಳಾರಿ ಹುಡುಗಿ, ಈಗ ಸ್ಟುಟ್‌ಗಾರ್ಟ್

ಕಾಕಾ, ಸಂಬಳದ ಪ್ರಶ್ನೆ ಯಾರೂ ಮುಟ್ಟಲಿಲ್ಲ! ಇಲ್ಲಿ ಜರ್ಮನಿಯಲ್ಲಿ ಹಾನ್-ಶಿಕಾರ್ಡ್ ಅಂತ ಇಂಥದ್ದೇ ಸಂಸ್ಥೆ ಇದೆ. ಅದರ ಒಂದು ಶಾಖೆ ಇರುವ ಫಿಲಿಂಗೆನ್-ಶ್ವೆನ್ನಿಂಗೆನ್ ಹಿಂದೆ ಗಡಿಯಾರಕ್ಕೆ ಹೆಸರಾದ ಊರು. ಸಂಸ್ಥೆಯ ಹೆಸರೂ ಹಾಗೇ. ಹಾನ್ 18ನೇ ಶತಮಾನದ ಪಾದ್ರಿ, ಗಡಿಯಾರ ಮಾಡುತ್ತಿದ್ದವರು. ಶಿಕಾರ್ಡ್ 1623ರಲ್ಲೇ ಲೆಕ್ಕ ಮಾಡುವ ಯಂತ್ರ ಕಟ್ಟಿದವರು. ಸಣ್ಣ ಕಂಪನಿಗೆ ಸ್ವಂತ ಕ್ಲೀನ್‌ರೂಮ್ ಕಟ್ಟುವ ಶಕ್ತಿ ಇರುವುದಿಲ್ಲ. ಹಾಗಾಗಿ ತನ್ನ ತೊಂದರೆ ಹೊತ್ತು ಇಂಥ ಕಡೆ ಬರುತ್ತದೆ. ಇವರು ಮಾದರಿ ಮಾಡಿಕೊಡುತ್ತಾರೆ. ದುಡ್ಡು ಸ್ವಲ್ಪ ಸರ್ಕಾರದ್ದು, ಸ್ವಲ್ಪ ಪ್ರಾಜೆಕ್ಟಿನದು, ಸ್ವಲ್ಪ ಕಂಪನಿಗಳದು.

ನಮ್ಮಲ್ಲಿ ರಾಜಸ್ಥಾನದ ಪಿಲಾನಿಯಲ್ಲಿ ಸೀರಿ ಅನ್ನೋ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ ಇದೆ, ಕೇಂದ್ರ ಸರ್ಕಾರದ ಸಿಎಸ್‌ಐಆರ್‌ನದು. ಮೆಮ್ಸ್ ಕೆಲಸ ಅಲ್ಲೂ ಇದೆ. ಬಿಸಿಲಿಗೆ ಹೆದರಬೇಡಿ, ರಾಯಚೂರಿನವರಿಗೆ ಪಿಲಾನಿ ಏನು ಹೊಸದು?

ಮಿಲ್ ಎಲೆಕ್ಟ್ರಿಷಿಯನ್, ಸಿಂಧನೂರು

ಎಲ್ಲರಿಗೂ ಶರಣು. ಬೆಳಿಗ್ಗೆ ಹೋಗಿ ನೋಡಿದೆ. ಸೈಫನ್ ಇಲ್ಲ. ಹೋದ ಸಲ ಬಾಯ್ಲರ್ ತೊಳೆಯುವಾಗ ಬಿಚ್ಚಿದ್ದು, ಹೊಟ್ಟಿನ ಚೀಲಗಳ ಹಿಂದೆ ಬಿದ್ದಿತ್ತು. ಬಿಚ್ಚಿದವನು ನಾನೇ. ಹೊಸ ಟ್ರಾನ್ಸ್‌ಮಿಟರನ್ನೂ ಹಾಗೇ ಕೂರಿಸಿದ್ದೆ! ಮಧ್ಯಾಹ್ನ ಬಾಯ್ಲರ್ ಆರಿಸಿ ಸೈಫನ್ ಹಾಕಿ ಬಂದೆ.

ಮಗಳು ಆ ಚೂರನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಸೋಮವಾರ ಮೇಡಂಗೆ ತೋರಿಸುತ್ತಾಳಂತೆ.