‘ವಿಂಡೋಸ್ ಹೋಗಿದೆ’: ಇಲ್ಲಿ ‘ಹೋಗು’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ,

ಮಂಡ್ಯದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಕನ್ನಡದಲ್ಲಿ ಸಹಾಯದ ಹಾಳೆ ಬರೆಯುತ್ತಿದ್ದೇನೆ. ಅಲ್ಲಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಜೊತೆಗೆ ಡೆಬಿಯನ್ ಲಿನಕ್ಸ್ ಕೂಡ ಇದೆ. ಬೂಟ್ ಲೋಡರಿಗೆ (ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸನ್ನೋ ಲಿನಕ್ಸನ್ನೋ ಶುರು ಮಾಡಿಸೋ ಪ್ರೋಗ್ರಾಮಿಗೆ) ಕನ್ನಡ ಪದ ಬೇಕು ಅಂತ ಕೇಳುತ್ತಿಲ್ಲ, ಅದು ಹಾಗೇ ಇರಲಿ. ನನ್ನ ತೊಡಕು ‘ಹೋಗಿದೆ’ ಅನ್ನೋ ಮಾತಿನದು.

ಏನೇ ಆದರೂ ಹುಡುಗರು ಹೇಳೋದು ಒಂದೇ: ‘ಸಾರ್, ವಿಂಡೋಸ್ ಹೋಗ್ಬಿಟ್ಟಿದೆ.’ ನೋಡಿದರೆ ಎಷ್ಟೋ ಸಲ ಗ್ರಬ್ (ಲಿನಕ್ಸ್ ಜೊತೆ ಬರೋ ಬೂಟ್ ಲೋಡರ್) ಮೆನು ಸರಿಯಾಗೇ ಬರುತ್ತೆ, ಅದರಲ್ಲಿ ವಿಂಡೋಸ್ ಸಾಲು ಮಾತ್ರ ಇರೋದಿಲ್ಲ. ಡಿಸ್ಕಿನಲ್ಲಿ ವಿಂಡೋಸ್ ಭದ್ರವಾಗಿ ಕೂತಿರುತ್ತೆ. ಡಿಸ್ಕಿನಲ್ಲಿರೋ ಬೇರೆ ಓಎಸ್‌ಗಳನ್ನು (ಆಪರೇಟಿಂಗ್ ಸಿಸ್ಟಂಗಳನ್ನು) ಗ್ರಬ್ಬಿಗೆ ಹುಡುಕಿ ಕೊಡೋದು ಓಎಸ್-ಪ್ರೋಬರ್ ಅನ್ನೋ ಪ್ರೋಗ್ರಾಮ್. 2021ರಲ್ಲಿ ಬಂದ ಗ್ರಬ್ 2.06ರಿಂದ ಅದನ್ನು ಸಾಮಾನ್ಯವಾಗಿ ಆಫ್ ಮಾಡಿಟ್ಟಿರುತ್ತಾರೆ. ಗ್ರಬ್ಬಿನ ಡೀಫಾಲ್ಟ್ ಫೈಲಿನಲ್ಲಿ ‘ಡಿಸೇಬಲ್ ಓಎಸ್-ಪ್ರೋಬರ್’ ಸಾಲಿಗೆ ‘ಫಾಲ್ಸ್’ ಅಂತ ಕೊಟ್ಟು, ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿದರೆ ಮೆನುವಿನಲ್ಲಿ ವಿಂಡೋಸ್ ಸಾಲು ಬರುತ್ತೆ.

ಇನ್ನೊಂದು ಬಗೆ ಇನ್ನೂ ಮಜವಾಗಿದೆ. ಜಾಗ ಸಾಲದು ಅಂತ ವಿಂಡೋಸಿನಲ್ಲೇ ಕೂತು ಲಿನಕ್ಸ್ ಇರೋ ಪಾರ್ಟಿಷನ್ (ಡಿಸ್ಕಿನ ಭಾಗ) ಡಿಲೀಟ್ ಮಾಡ್ತಾರೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಅಂಥ ಪಾರ್ಟಿಷನ್ ಇಲ್ಲ ಅನ್ನೋ ಎರರ್, ಕೆಳಗೆ ‘ಗ್ರಬ್ ರೆಸ್ಕ್ಯೂ’ ಅಂತ ಒಂದು ಸಾಲು. ಗ್ರಬ್ಬಿನ ಮೆನು, ಮಾಡ್ಯೂಲುಗಳೆಲ್ಲ (ಅದರ ಕೆಲಸಕ್ಕೆ ಬೇಕಾದ ಫೈಲುಗಳು) ಆ ಪಾರ್ಟಿಷನ್ನಿನಲ್ಲೇ ಇದ್ದವು ಅಲ್ವಾ! ನಿಜವಾಗಿ ಹೋಗಿರೋದು ಲಿನಕ್ಸ್. ಬಾಯಲ್ಲಿ ಬರೋದು ಮಾತ್ರ ‘ವಿಂಡೋಸ್ ಹೋಯ್ತು’.

ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೆ ‘ಲಿನಕ್ಸ್ ಹೋಗಿದೆ’ ಅನ್ನೋದೂ ಉಂಟು. ಯುಇಎಫ್ಐ (ಆನ್ ಮಾಡಿದ ಕೂಡಲೇ ಮೊದಲು ಓಡೋ, ಮದರ್‌ಬೋರ್ಡಿನಲ್ಲೇ ಇರೋ ಪ್ರೋಗ್ರಾಮ್) ಇರೋ ಕಂಪ್ಯೂಟರಿನಲ್ಲಿ ಬಹಳ ಸಲ ಬೂಟ್ ಆರ್ಡರ್, ಅಂದರೆ ಯಾವುದನ್ನು ಮೊದಲು ಶುರು ಮಾಡಬೇಕು ಅನ್ನೋ ಪಟ್ಟಿ, ಬದಲಾಗಿರುತ್ತೆ, ಅಷ್ಟೇ.

ಇದೆಲ್ಲ ಬರೀ ಪದದ ಗೀಳು ಅನ್ನಬೇಡಿ. ‘ಹೋಗಿದೆ’ ಅಂತ ಕೇಳಿದ ತಕ್ಷಣ ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ತೀವಿ’ ಅಂದುಬಿಡ್ತಾರೆ. ಆಗ ಹುಡುಗರ ಪ್ರಾಜೆಕ್ಟ್ ಫೈಲುಗಳು ನಿಜಕ್ಕೂ ಹೋಗ್ತವೆ.

ನಮ್ಮಲ್ಲಿ ‘ಕರೆಂಟ್ ಹೋಯ್ತು’ ಅಂದರೆ ಮತ್ತೆ ಬರುತ್ತೆ. ‘ಹಲ್ಲು ಹೋಯ್ತು’ ಅಂದರೆ ಬರಲ್ಲ. ಮಾತಾಡುವಾಗ ಯಾವುದು ಅಂತ ತಾನಾಗೇ ಗೊತ್ತಾಗುತ್ತೆ. ಹಾಳೆಯಲ್ಲಿ ಗೊತ್ತಾಗಲ್ಲ. ‘ಕಾಣ್ತಿಲ್ಲ’ ಅಂತ ಬರೆದರೆ ಮಾನಿಟರಿನ ತೊಂದರೆ ಅಂದುಕೊಳ್ಳಬಹುದು. ‘ಕಳೆದುಹೋಗಿದೆ’ಯಲ್ಲಿ ಮತ್ತೆ ಅದೇ ‘ಹೋಗು’. ನನಗೆ ಹಿಡಿಸಿರೋದು ‘ಸಿಗ್ತಿಲ್ಲ’: ‘ಗ್ರಬ್ಬಿಗೆ ವಿಂಡೋಸ್ ಸಿಗ್ತಿಲ್ಲ.’ ಯಾರಿಗೆ ಸಿಗ್ತಿಲ್ಲ ಅನ್ನೋದೂ ಅದರಲ್ಲೇ ಬಂತು. ನಿಜವಾಗಿ ಅಳಿಸಿದ್ದಕ್ಕೆ ‘ಅಳಿಸಿದೆ’ ಅಂದರೆ ಸಾಕು.

ಮೈಸೂರು ಕಡೆ ರಿಪೇರಿ ಮಾಡೋರು ಸಿಗದಿರೋದು, ಅಳಿಸಿರೋದು, ಇವೆರಡನ್ನೂ ಬೇರೆ ಬೇರೆ ಮಾತಲ್ಲಿ ಹೇಳ್ತಾರಾ? ಜೊತೆಗೆ ಇನ್ನೊಂದು. ಪವರ್ರೇ ಬರದಿದ್ದರೂ ‘ಆನ್ ಆಗ್ತಿಲ್ಲ’, ಗ್ರಬ್ಬಲ್ಲಿ ನಿಂತರೂ ‘ಆನ್ ಆಗ್ತಿಲ್ಲ’. ಎರಡನೆಯದಕ್ಕೆ ‘ಓಪನ್ ಆಗ್ತಿಲ್ಲ’ ಅನ್ನೋದನ್ನೂ ಕೇಳಿದ್ದೇನೆ. ಹಾಳೆಯಲ್ಲಿ ಅದನ್ನೇ ಬಳಸಿದರೆ ನಡೆಯುತ್ತಾ?